ಕಟಿಂಗ್ ಮಾಸ್ಟರ ಎಲೆಸುರುಳಿ

ಕಟಿಂಗ್ ಮಾಸ್ಟರಿಗೆ ಐವತ್ತೇಳು ವರ್ಷ. ಅದರಲ್ಲಿ ಮೂವತ್ತು ವರ್ಷ ಊರಿನ ಗಂಡಸರ ಸೊಂಟ ಅಳೆಯುವುದರಲ್ಲೇ ಕಳೆದಿದೆ. ಟೇಪು ಮೂವತ್ತೆಂಟು ತೋರಿಸಿದರೂ ಬಾಯಲ್ಲಿ ಮೂವತ್ತಾರು ಎಂದು, ಪುಸ್ತಕದಲ್ಲಿ ಮಾತ್ರ ಮೂವತ್ತೆಂಟು ಬರೆದುಕೊಳ್ಳುವ ದೊಡ್ಡ ಮನಸ್ಸು ಅವರದು. ಡಾಕ್ಟರಿಗೆ ಅಂಥ ಮನಸ್ಸು ಎಲ್ಲಿಂದ ಬರಬೇಕು? ರಕ್ತದ ರಿಪೋರ್ಟು ನೋಡಿ, ‘ಸಕ್ಕರೆ ಕಾಯಿಲೆ. ಅನ್ನ, ಬ್ರೆಡ್ಡು ಕಡಿಮೆ ಮಾಡಿ’ ಎಂದು ಇದ್ದದ್ದನ್ನು ಇದ್ದ ಹಾಗೇ ಹೇಳಿ ಮುಂದಿನವರನ್ನು ಕರೆದುಬಿಟ್ಟರು.

ಬೇರೆಯವರಾಗಿದ್ದರೆ ಮನೆಗೆ ಹೋಗಿ ಹೆಂಡತಿಯ ಮುಂದೆ ಗೋಳಾಡುತ್ತಿದ್ದರು. ಮಾಸ್ಟರು ಮದುವೆಯಾದವರಲ್ಲ. ಮನೆಯಲ್ಲಿ ಅವರ ಮಾತು ಕೇಳುವುದು ಇಸ್ತ್ರಿಪೆಟ್ಟಿಗೆಯೊಂದೇ. ಹಾಗಾಗಿ ಅವರು ಅಂಗಡಿಗೆ ಬಂದು ಉಪದೇಶ ಶುರುಮಾಡಿದರು. ಪ್ಯಾಂಟಿನ ಅಳತೆ ಕೊಡಲು ಬಂದವರು ಕೈ ಮೇಲೆತ್ತಿ ನಿಂತಲ್ಲೇ ಕಾರ್ಬೋಹೈಡ್ರೇಟಿನ ವಿಷಯ ಕೇಳಬೇಕಾಯಿತು. ಆ ಪದವನ್ನು ತಾವೇ ಕತ್ತರಿಸಿ ಹೊಲಿದವರಂತೆ ಅವರು ಉಚ್ಚರಿಸುತ್ತಿದ್ದರು.

ಗಿರಾಕಿಗಳು ಬರುತ್ತಾರೆ, ಹೋಗುತ್ತಾರೆ. ತಪ್ಪಿಸಿಕೊಳ್ಳಲಾಗದವನು ಕಾಜಾದವನು. ಹೊಲಿಗೆಯವರೆಲ್ಲ ಬಟ್ಟೆ ಮನೆಗೊಯ್ದು ಹೊಲಿದು ತರುವವರಾದ್ದರಿಂದ ಅಂಗಡಿಯಲ್ಲಿ ಇಡೀ ದಿನ ಇರುವವನು, ಕಾಜಾ ಹೊಲಿದು ಗುಂಡಿ ಹಾಕುವ ಅವನೊಬ್ಬನೇ. ಹತ್ತೊಂಬತ್ತು ವರ್ಷಗಳಿಂದ ಮಧ್ಯಾಹ್ನ ಒಂದು ಗಂಟೆಗೆ ಕಟಿಂಗ್ ಮೇಜಿನ ಬಟ್ಟೆ ಸರಿಸಿ, ಹಳೆಯ ಪೇಪರು ಹಾಸಿ ಇಬ್ಬರೂ ಎದುರುಬದುರು ಕೂತು ಉಣ್ಣುವುದು ವಾಡಿಕೆ.

‘ಅದು ಅನ್ನ ಅಲ್ಲ ಕಣಯ್ಯಾ, ಸಕ್ಕರೆ. ಹೊಟ್ಟೆಗೆ ಹೋದ ಮೇಲೆ ಅದೇ ಆಗೋದು.’

‘ಹೋದ ಮೇಲೆ ತಾನೇ ಮಾಸ್ಟ್ರೇ? ನಾಲಿಗೆ ಮೇಲೆ ಇರೋವರೆಗೂ ಅನ್ನ ಆಗಿರ್ಲಿ ಬಿಡಿ.’

ಹತ್ತು ದಿನ ಹೀಗೇ ನಡೆಯಿತು. ಹನ್ನೊಂದನೆಯ ದಿನ ಕಾಜಾದವನು, ‘ಆಚೆ ಗಾಳಿ ಚೆನ್ನಾಗಿ ಬರತ್ತೆ’ ಎನ್ನುತ್ತಾ ಡಬ್ಬಿ ಹಿಡಿದು ಬಸ್ ಸ್ಟಾಪಿನ ಬೆಂಚಿಗೆ ಹೋದ. ಅವತ್ತು ಹೊರಗೆ ಒಂದೆಲೆಯೂ ಅಲುಗಾಡುತ್ತಿರಲಿಲ್ಲ.

ಮೇಜು ವಿಶಾಲವಾಯಿತು ಎಂದು ಮಾಸ್ಟರು ತಮಗೇ ಹೇಳಿಕೊಂಡರು. ಬೇಯಿಸಿದ ಎಲೆಕೋಸನ್ನು ಒಬ್ಬರೇ ತಿಂದರು. ತಾವು ಅಗಿಯುವ ಸದ್ದು ಇಷ್ಟು ದೊಡ್ಡದು ಎಂದು ಅವರಿಗೆ ಗೊತ್ತಾದದ್ದೇ ಆಗ. ಹೀಗೆ ಮೂರು ವಾರ ಕಳೆಯಿತು.

ಒಂದು ದಿನ ಮೊಬೈಲಿನಲ್ಲಿ ಚೀನೀ ಶೈಲಿಯ ಲೆಟಿಸ್ ಸೊಪ್ಪಿನ ಸುರುಳಿ ಮಾಡುವುದನ್ನು ಒಬ್ಬಾಕೆ ತೋರಿಸುತ್ತಿದ್ದಳು. ಅನ್ನವಿಲ್ಲ, ಹಿಟ್ಟಿಲ್ಲ. ಅದಕ್ಕಿಂತ ಮಾಸ್ಟರ ಮನಸ್ಸಿಗೆ ಹಿಡಿಸಿದ್ದು ಆಕೆಯ ಕೊನೆಯ ಮಾತು: ಎಲೆ ಒಂದು ಕಡೆ, ಹೂರಣ ಒಂದು ಕಡೆ ಇಟ್ಟು, ಎಲ್ಲರೂ ಸುತ್ತ ಕೂತು ಅವರವರದ್ದನ್ನು ಅವರೇ ಸುತ್ತಿಕೊಂಡು ತಿನ್ನಬೇಕು. ಕಾಜಾದವನನ್ನು ಮೇಜಿಗೆ ಕರೆತರಲು ಇದಕ್ಕಿಂತ ಒಳ್ಳೆಯ ನೆಪ ಬೇಕೆ?

ಭಾನುವಾರ ಮನೆಯಲ್ಲಿ ತಾಲೀಮು. ಶುಂಠಿ, ಬೆಳ್ಳುಳ್ಳಿ ಸಣ್ಣಗೆ ಹೆಚ್ಚಿ ಎಣ್ಣೆಗೆ ಹಾಕಿದರು. ಕೋಳಿ ಕೈಮಾ ಹಾಕಿ, ಗಂಟಾಗದಂತೆ ಸೌಟಿನಿಂದ ಒಡೆಯುತ್ತಾ ಹುರಿದರು. ಹೆಚ್ಚಿದ ಅಣಬೆ ಬಿದ್ದ ಮೇಲೆ ಅದು ಬಿಟ್ಟ ನೀರೆಲ್ಲ ಇಂಗುವವರೆಗೆ ದೊಡ್ಡ ಉರಿ. ಆಮೇಲೆ ಸೋಯಾ ಸಾಸು, ನಾಲ್ಕು ಹನಿ ವಿನೆಗರ್, ಕೊನೆಗೆ ಈರುಳ್ಳಿಸೊಪ್ಪು. ಇಷ್ಟೂ ಸರಿಯಾಗೇ ಬಂತು. ಕೆಟ್ಟದ್ದು ಎಲೆಯಲ್ಲಿ. ಲೆಟಿಸ್ ಎಲೆಯ ಸುಕ್ಕು ಸುಕ್ಕಾದ ಅಂಚು ಕಂಡು ಮಾಸ್ಟರಿಗೆ ಸಹಿಸಲಾಗಲಿಲ್ಲ. ಕತ್ತರಿ ತಂದು ಒಂದೊಂದನ್ನೂ ಬಟ್ಟಲಿನಳತೆಗೆ ದುಂಡಗೆ ಕತ್ತರಿಸಿದರು. ಸುತ್ತಿದರೆ, ಹೂರಣವೆಲ್ಲ ಮಡಿಲಿಗೆ.

‘ಥೂ, ಮಾರ್ಜಿನ್ನೇ ಬಿಟ್ಟಿಲ್ಲ!’ ಎಂದು ಮಾಸ್ಟರು ಮೂವತ್ತು ವರ್ಷದಲ್ಲಿ ಮೊದಲ ಸಲ ತಮಗೆ ತಾವೇ ಬೈದುಕೊಂಡರು.

ಸೋಮವಾರ ಕತ್ತರಿಸದ ಎಲೆಗಳು ಒದ್ದೆ ಬಟ್ಟೆಯಲ್ಲಿ, ಹೂರಣ ಬೇರೆ ಡಬ್ಬಿಯಲ್ಲಿ, ತಟ್ಟೆ ಎರಡು. ಊಟಕ್ಕೆ ಬಾ ಎಂದು ಕರೆಯಲು ಹಿರಿತನ ಅಡ್ಡ ಬಂತು.

‘ಒಂದು ಟ್ರಯಲ್ ಇದೆ, ಬಾರಯ್ಯ.’

ಕಾಜಾದವನು ಬಂದ, ನೋಡಿದ, ಕೂತ. ಒಂದು ಎಲೆಗೆ ಹೂರಣ ಹಾಕಿಕೊಂಡು ತಿಂದ. ‘ಚೆನ್ನಾಗಿದೆ ಮಾಸ್ಟ್ರೇ, ಸುಳ್ಳಲ್ಲ’ ಎಂದ. ಎರಡನೆಯ ಎಲೆ ತೆಗೆದುಕೊಂಡ. ತನ್ನ ಡಬ್ಬಿ ಬಿಚ್ಚಿ ಅದರ ಮೇಲೆ ಎರಡು ಚಮಚ ಅನ್ನ ಹರಡಿ, ಅನ್ನದ ಮೇಲೆ ಹೂರಣ ಹಾಕಿದ.

ಮಾಸ್ಟರು ತುಟಿ ಬಿಗಿಹಿಡಿದರು. ಬಹಳ ಹೊತ್ತೇನೂ ಅಲ್ಲ.

‘ಅಲ್ಲಯ್ಯಾ, ಅನ್ನ ಬೇಡ ಅಂತ ತಾನೇ ಎಲೆ ತಂದಿರೋದು? ಆ ಎರಡು ಚಮಚದಲ್ಲಿ ಎಷ್ಟು ಕಾರ್ಬೋ...’

ಕಾಜಾದವನು ಸುರುಳಿಯನ್ನು ತಟ್ಟೆಗಿಟ್ಟ. ‘ಮಾಸ್ಟ್ರೇ, ಹೆದರಿಕೆ ಆಗಿದ್ರೆ ಹೆದರಿಕೆ ಅಂತ ಹೇಳಿ. ನನ್ನ ಡಬ್ಬಿಗೆ ಯಾಕೆ ಬೈತೀರಾ?’

‘ಹೆದರಿಕೆನಾ? ನನಗಾ?’

‘ಹಾಗಾದ್ರೆ ಸರಿ’ ಎಂದು ಅವನು ಸುರುಳಿ ತಿಂದು, ಡಬ್ಬಿ ತೊಳೆದುಕೊಂಡು, ಕೋಟಿನ ತೋಳಿಗೆ ಗುಂಡಿ ಹಾಕಲು ಕೂತ. ಉಳಿದ ಎಂಟು ಎಲೆಗಳ ಮುಂದೆ ಮಾಸ್ಟರು ಒಬ್ಬರೇ ಉಳಿದರು. ಒಂದನ್ನು ಸುತ್ತಿದರು. ತಿನ್ನಲು ಮನಸ್ಸಾಗದೆ ಮತ್ತೆ ಬಿಚ್ಚಿದರು. ನಾಲ್ಕು ಜನರಿಗೆ ಎಂದು ಮೊಬೈಲಿನಾಕೆ ಹೇಳಿದ ಲೆಕ್ಕವನ್ನು ಅರ್ಧ ಮಾಡುವುದು ಗೊತ್ತಿತ್ತು. ಒಬ್ಬರಿಗೆ ಎಂದರೆ ಎಷ್ಟು ಎಂಬುದು ಹೊಳೆಯಲಿಲ್ಲ.

ಮರುದಿನ ಒಂದು ಗಂಟೆಗೆ ಕಾಜಾದವನು ಡಬ್ಬಿ ಹಿಡಿದು ಬಾಗಿಲಿಗೆ ಹೋದ. ಮಾಸ್ಟರು ಮೇಜಿನ ಮೇಲೆ ಸೀಮೆಸುಣ್ಣದಿಂದ ಯಾವುದೋ ಗೆರೆ ಎಳೆಯುತ್ತಿದ್ದರು, ಅಲ್ಲಿ ಬಟ್ಟೆಯೇ ಇರಲಿಲ್ಲ.

‘ರಾತ್ರಿ ಹೊತ್ತು ಕಾಲು ಜೋಮು ಹಿಡಿಯುತ್ತೆ ಕಣಯ್ಯಾ’ ಎಂದರು, ತಲೆ ಎತ್ತದೆ. ‘ಎದ್ದು ಕೂತ್ಕೋತೀನಿ. ಯಾರಿಗೆ ಹೇಳೋದು ಅಂತ ತಿಳಿಯಲ್ಲ.’

ಕಾಜಾದವನು ಬಾಗಿಲಿನಿಂದ ವಾಪಸ್ ಬಂದು ಮೇಜಿನ ಮೇಲೆ ಪೇಪರು ಹಾಸಿ, ಡಬ್ಬಿ ಇಟ್ಟ.

‘ಯಾವ ಕಾಲು?’ ಎಂದ.

‘ಎರಡೂ’ ಎಂದರು ಮಾಸ್ಟರು.