ಲಿಂಕಿನ ಜೊತೆ ಹೋಗುತ್ತಿದ್ದ ಅಣ್ಣನ ಫೋಟೊ

ಮಧುವನಹಳ್ಳಿಯ ನಮ್ಮ ಚಾಕಿ ಕೇಂದ್ರಕ್ಕೆ ವೆಬ್‌ಪುಟ ಮಾಡಿದ್ದು ನಾನೇ. ಮೊಟ್ಟೆಯೊಡೆದ ರೇಷ್ಮೆಹುಳುಗಳನ್ನು ಸ್ವಲ್ಪ ಬಲಿಯುವವರೆಗೆ ಸಾಕಿ ರೈತರಿಗೆ ಮಾರುವುದು ಅಣ್ಣನ ಕೆಲಸ. ಮಾರಾಟದ ಲೆಕ್ಕದಲ್ಲಿ ಒಂದು ಚಿಟ್ಟೆ ಇಟ್ಟಷ್ಟೂ ಸೇರಿ ಒಂದು ‘ಮೊಟ್ಟೆ’. ನನ್ನದು ಕೊಳ್ಳೇಗಾಲದಲ್ಲಿ ಜೆರಾಕ್ಸ್ ಅಂಗಡಿ.

ಹೊಸತರಲ್ಲಿ ಆ ಪುಟದ ಲಿಂಕನ್ನು ಯಾರೂ ಒತ್ತುತ್ತಿರಲಿಲ್ಲ. ವಾಟ್ಸಾಪಿನಲ್ಲಿ ಬರೀ ನೀಲಿ ಅಕ್ಷರವಾಗಿ ಹೋಗುತ್ತಿತ್ತು. "ಒತ್ತುದ್ರೆ ಬ್ಯಾಂಕಲ್ಲಿರೋದೆಲ್ಲ ಓಯ್ತದಂತೆ ಕಣಪ್ಪ" ಎಂದು ಕುಂತೂರಿನ ರೈತರೊಬ್ಬರು ಅಣ್ಣನಿಗೇ ಹೇಳಿದ್ದರಂತೆ. ಆಗ ಪುಟದ ತಲೆಭಾಗದಲ್ಲಿ, ಓದುವವರಿಗೆ ಕಾಣದ ಕಡೆ, ಕೆಲವು ಟ್ಯಾಗ್ ಸೇರಿಸಿದೆ. ಕೇಂದ್ರದ ಹೆಸರು, ಒಂದು ವಾಕ್ಯ, ಒಂದು ಫೋಟೊ. ಅಂದಿನಿಂದ ಲಿಂಕ್ ಕಳಿಸಿದಾಗಲೆಲ್ಲ ಅವೂ ಜೊತೆಗೆ ಕಾಣಿಸತೊಡಗಿದವು. ಫೋಟೊದಲ್ಲಿ ಅಣ್ಣ ಹುಳುವಿನ ತಟ್ಟೆ ಹಿಡಿದು ನಿಂತಿದ್ದ. "ನಿಮ್ ಮೊಕ ನೋಡಿ ಹುಳ ಯಾರ್ ತಕತಾರೆ" ಎಂದು ಅತ್ತಿಗೆ ನಕ್ಕಿದ್ದರು. ಜನ ತೆಗೆದುಕೊಂಡರು.

ಅಣ್ಣ ತೀರಿಕೊಂಡ ಮೇಲೆ ಅತ್ತಿಗೆ ಕೇಂದ್ರ ಮುಚ್ಚಲಿಲ್ಲ. ತಿಥಿ ಮುಗಿಸಿ ಮೊಟ್ಟೆ ತರಿಸಿದರು. ಹುಳು ಸಿದ್ಧವಾಗುವ ಹೊತ್ತಿಗೆ ನಾನು ಎಂದಿನಂತೆ ಹನೂರು, ಯಳಂದೂರಿನ ರೈತರ ಗುಂಪುಗಳಿಗೆ ಲಿಂಕ್ ಕಳಿಸಿದೆ. ಅಣ್ಣನ ಮುಖ ಪರದೆಯ ಮೇಲೆ ಬಂತು. ಏನೂ ಅನ್ನಿಸಲಿಲ್ಲ. ಊಟಕ್ಕೆ ಹೋದೆ.

ಮಾರನೆಯ ದಿನ ಅತ್ತಿಗೆ ಅಂಗಡಿಗೇ ಬಂದರು.

"ಆ ಫೋಟೊ ತೆಗಿಯಪ್ಪ."

"ಅಣ್ಣನ್ನ ನೋಡಿ ತಾನೆ ಅತ್ತಿಗೆ, ಜನ ನಂಬಿ ಫೋನ್ ಮಾಡೋದು?"

"ಮಾಡ್ತಾರೆ. ಯಜಮಾನ್ರಿಗೆ ಕೊಡವ್ವ ಅಂತಾರೆ. ಒಬ್ಬೊಬ್ಬರ್ಗೂ ಅವ್ರು ಓಗ್ಬುಟ್ರು ಅಂತ ನಾನೇ ಹೇಳ್ಬೇಕು. ಬೆಳಗ್ಗಿಂದ ಅದೇ ಆಗದೆ. ನಾನು ಹುಳ ಮಾರ್ಲೋ, ಸಾವು ಹೇಳ್ಲೋ?"

ಅವರನ್ನು ಕೂರಿಸಿ ಪುಟ ತೆರೆದೆ. ಅಣ್ಣನ ಫೋಟೊದ ವಿಳಾಸ ಅಳಿಸಿ, ಹಿಪ್ಪುನೇರಳೆ ಸೊಪ್ಪಿನ ಮೇಲೆ ಹುಳುಗಳಿರುವ ಫೋಟೊದ ವಿಳಾಸ ಹಾಕಿದೆ. ನನ್ನ ಇನ್ನೊಂದು ನಂಬರಿಗೆ ಕಳಿಸಿ ನೋಡಿದೆ. ಅಣ್ಣನೇ ಬಂದ. ಒಮ್ಮೆ ತೆಗೆದುಕೊಂಡ ಚಿತ್ರವನ್ನು ವಾಟ್ಸಾಪ್ ಕೆಲವು ದಿನ ಇಟ್ಟುಕೊಂಡಿರುತ್ತದೆ. ಅದಕ್ಕೆ ಹೊಸ ಲಿಂಕಿನಂತೆ ಕಾಣಲೆಂದು ಕೊನೆಗೆ ಪ್ರಶ್ನೆಚಿಹ್ನೆ, ಒಂದು ಅಂಕಿ ಸೇರಿಸಿ ಮತ್ತೆ ಕಳಿಸಿದೆ. ಹುಳುಗಳು ಬಂದವು.

"ಆಯ್ತಾ?"

"ಇನ್ಮೇಲೆ ಕಳ್ಸೋದು ಸರಿ ಆಯ್ತು. ಆಗ್ಲೇ ಓಗಿರೋದನ್ನ ಏನೂ ಮಾಡಕಾಗಲ್ಲ."

ಅತ್ತಿಗೆ ತಲೆಯಾಡಿಸಿದರು. ಅಷ್ಟರಲ್ಲಿ ಅವರ ಫೋನ್ ಬಡಿದುಕೊಂಡಿತು. ಅವರು ಅದನ್ನು ಎತ್ತದೆ ನೋಡುತ್ತ ಕೂತರು. ನಾನು ಕೈ ಚಾಚಿ ತೆಗೆದುಕೊಂಡೆ.

"ಯಜಮಾನ್ರಾ? ಹನೂರಿಂದ ಸಾ. ನಿಮ್ ಫೋಟೊ ನೋಡ್ದೆ."

"ನಾನು ಅವ್ರ ತಮ್ಮ. ಅಣ್ಣ ತೀರ್ಕೊಂಡ್ರು."

"ಅಯ್ಯೋ ಶಿವನೇ. ಮತ್ತೆ ಹುಳ?"

"ಅವೆ. ಅತ್ತಿಗೆ ಸಾಕವ್ರೆ. ಎಷ್ಟು ಬೇಕು?"

"ನೂರು ಮೊಟ್ಟೆದು."

ಅತ್ತಿಗೆಗೆ ಹೇಳಿದೆ. "ಸೋಮವಾರ ಬರಕೇಳು" ಎಂದರು. ನಾನು ಹಾಗೇ ಹೇಳಿದೆ.