ವಾರಕ್ಕೊಂದು ಪರಸಿ

ತಾಂಡೂರಿನ ಕಲ್ಲುಗಣಿಯಲ್ಲಿ ನನ್ನ ಜೊತೆ ಕಲ್ಲು ಸೀಳುತ್ತಿದ್ದ ಕಾಕಾ ಒಬ್ಬರಿದ್ದರು. ಇಬ್ಬರಿಗೂ ಗುತ್ತೇದಾರನ ಸಾಲವಿತ್ತು. ಶನಿವಾರ ಪಗಾರ ಬಂದರೆ ನಾನು ಹೊಟ್ಟೆಗೆ ಬೇಕಾದಷ್ಟು ಇಟ್ಟುಕೊಂಡು, ಉಳಿದದ್ದೆಲ್ಲ ಅವನ ಕೈಗೆ ಹಾಕಿ ಎದೆಯುಬ್ಬಿಸಿ ನಡೆಯುತ್ತಿದ್ದೆ. ಕಾಕಾ ಸ್ವಲ್ಪವಷ್ಟೇ ಸಾಲಕ್ಕೆ ಕೊಡುತ್ತಿದ್ದರು. ಆಮೇಲೆ ನೆಲಕ್ಕೆ ಹಾಸುವ ಪರಸಿ ಕಲ್ಲೊಂದನ್ನು ಬೆರಳಿನಿಂದ ಬಡಿದು, ಸಪ್ಪಳ ಕೇಳಿ, ಅದನ್ನು ಕೊಂಡುತಂದು ಮನೆ ಗೋಡೆಗೆ ಒರಗಿಸುತ್ತಿದ್ದರು. "ನಮ್ದೂ ಒಂದಿರ್ಲಿ" ಅನ್ನುತ್ತಿದ್ದರು.

"ಸಾಲ ಇಟ್ಕೊಂಡು ಕಲ್ಲು ಯಾಕ ಕೊಳ್ತೀರಿ ಕಾಕಾ? ರೊಕ್ಕಾನೇ ಇಡ್ರಿ" ಅಂದೆ ಒಮ್ಮೆ.

"ರೊಕ್ಕ ಇಟ್ರ ಬೀಗರು ಕೇಳತಾರ. ಕಲ್ಲು ಯಾರ ಹೊತ್ಕೊಂಡ ಹೋಗತಾರೋ?"

ಆ ಮಳೆಗಾಲ ಗಣಿಗೆ ನೀರು ತುಂಬಿ ಒಂದು ತಿಂಗಳು ಕೆಲಸ ನಿಂತಿತು. ಕಾಕಾ ಮನೆ ಕಟ್ಟುವವರಿಗೆ ಕಲ್ಲು ಮಾರಿ ಉಂಡರು, ವಾರದ ಕಂತನ್ನೂ ತಪ್ಪಿಸಲಿಲ್ಲ. ನಾನು ಅದೇ ಗುತ್ತೇದಾರನ ಬಾಗಿಲಿಗೆ ಮತ್ತೆ ಸಾಲಕ್ಕೆ ಹೋದೆ. "ಬಾರಪ್ಪಾ, ತಿರುಗಿ ಬಂದಿ?" ಎಂದು ಅವನು ನಕ್ಕಿದ್ದು ಎದೆಗೆ ಚುಚ್ಚಿತು.

ಕೆಲಸ ಶುರುವಾದ ಮೊದಲ ಶನಿವಾರ ನಾನೂ ಒಂದು ಪರಸಿ ಆರಿಸಿದೆ. ಕಾಕಾ ಬಡಿದು ನೋಡಿ, "ಇದು ಒಡಕ ಅದ, ಕಿವಿ ಇಲ್ಲೇನು ನಿನಗ?" ಎಂದು ಬೈದು ಬೇರೆಯದು ಕೊಡಿಸಿದರು. ಇನ್ನೊಂದು ತುದಿ ಹಿಡಿದು ನನ್ನ ಮನೆಯ ತನಕ ಬಂದರು.

ಸಾಲ ತೀರಲು ನಾನು ಅಂದುಕೊಂಡದ್ದಕ್ಕಿಂತ ಎರಡು ವರ್ಷ ಹೆಚ್ಚೇ ಹಿಡಿಯಿತು. ಆದರೆ ಆಮೇಲಿನ ಮಳೆಗಾಲಗಳಲ್ಲಿ ಗುತ್ತೇದಾರನ ಬಾಗಿಲಿಗೆ ನಾನು ಹೋಗಿದ್ದು ಕಂತು ಕೊಡಲಿಕ್ಕಷ್ಟೇ.