ಆಯುಧಪೂಜೆಗೆ ಕೂತ ಗಾಜಿನ ಕೊಳವೆ

ಇವತ್ತು ಬೆಳಿಗ್ಗೆ ನನ್ನ ಮಗಳ ಕೈಚೀಲಕ್ಕೆ ಇರುವೆ ಮುತ್ತಿತ್ತು. ಐವತ್ತು ದಾಟಿದ ಮಗಳು, ಹೈಸ್ಕೂಲಿನ ಹೆಡ್‌ಮಿಸ್ಟ್ರೆಸ್. ಹೋದ ತಿಂಗಳು ತಾನೇ ಡಾಕ್ಟರು ಅವಳಿಗೆ ಸಕ್ಕರೆ ಕಾಯಿಲೆ ಶುರುವಾಗಿದೆ ಅಂದಿದ್ದಾರೆ. ಇನ್ನೊಬ್ಬರ ಚೀಲಕ್ಕೆ ಕೈ ಹಾಕಬಾರದು ಅಂತ ನನಗೂ ಗೊತ್ತು. ಆದರೂ ಹಾಕಿದೆ. ಅರ್ಧ ತಿಂದಿಟ್ಟ ಕ್ರೀಂ ಬಿಸ್ಕತ್ತಿನ ಪೊಟ್ಟಣ ಸಿಕ್ಕಿತು. ಸಿಕ್ಕಿಬಿದ್ದಳು ಅಂತ ಹಿಗ್ಗಿದೆ. ಬಚ್ಚಲಿಂದ ಹೊರಗೆ ಬರಲಿ, ಮಂಗಳಾರತಿ ಎತ್ತುತ್ತೇನೆ ಅಂತ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತೆ. ಆದರೆ ಅವಳು ಬಂದಾಗ ಯಾಕೋ ಪೊಟ್ಟಣವನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡೆ. ಅವರಪ್ಪನ ನೆನಪಾಯಿತು.

ನನ್ನದು ಹುಟ್ಟಿನಿಂದಲೂ ಅನುಮಾನದ ಬುದ್ಧಿ. ನೀವು ನಮ್ಮ ಮನೆಗೆ ಬಂದು ‘ಊಟ ಆಯ್ತು’ ಅಂದರೆ ನಾನು ಮೊದಲು ನಿಮ್ಮ ಬಲಗೈ ನೋಡುತ್ತೇನೆ. ಐವತ್ತರ ದಶಕದಲ್ಲಿ ನಾವು ರಾಜಾಜಿನಗರಕ್ಕೆ ಬಂದಾಗ ಅಲ್ಲಿ ರಸ್ತೆಗೆ ಗೆರೆ ಎಳೆದಿದ್ದರು, ರಸ್ತೆ ಇನ್ನೂ ಬಂದಿರಲಿಲ್ಲ. ಪಕ್ಕದ ಹಳ್ಳಿಯ ಕೆಂಪಣ್ಣ ಹಾಲು ತರುತ್ತಿದ್ದ. ನಾನು ಅವನೆದುರಿಗೇ ಹಾಲಿಗೆ ಬೆರಳದ್ದಿ ನೋಡುತ್ತಿದ್ದೆ. ‘ನೀರು ಕಣಯ್ಯ ಇದು’ ಅಂತ ದಿನಾ ರಗಳೆ. ಕೊನೆಗೆ ಪಾಪ, ಅವನು ಬೆಳಿಗ್ಗೆ ಹಸುವನ್ನೇ ನಮ್ಮ ಬಾಗಿಲಿಗೆ ಹೊಡೆದುಕೊಂಡು ಬಂದು ಕಣ್ಣೆದುರಿಗೆ ಕರೆದುಕೊಡತೊಡಗಿದ. ಚೆಂಬಿನಲ್ಲಿ ಮೊದಲೇ ನೀರಿರಬಹುದು ಅಂತ ನಾನು ಚೆಂಬನ್ನು ಬೋರಲು ಹಾಕಿಸಿ ನೋಡುತ್ತಿದ್ದೆ.

ನಮ್ಮವರು ಹತ್ತಿರದ ಕಾರ್ಖಾನೆಯಲ್ಲಿ ಟೈಮ್‌ಕೀಪರ್. ಸೈರನ್ ನಿಂತ ತಕ್ಷಣ ಗೇಟು ಹಾಕಿಸಬೇಕು. ಆಮೇಲೆ ಬಂದವರಿಗೆ ಅರ್ಧ ದಿನ ಗೈರುಹಾಜರಿ. ಇಷ್ಟೇ ಕೆಲಸ. ‘ಗಡಿಯಾರ ನೋಡ್ಕೊಂಡು ಕೂತ್ಕೊಳ್ಳೋದು ಕಣ್ರೀ, ಮೈ ಬಗ್ಗಿಸೋ ಹಾಗಿಲ್ಲ’ ಅಂತ ನಾನೇ ಅಕ್ಕಪಕ್ಕದವರ ಹತ್ತಿರ ಕೊಚ್ಚಿಕೊಳ್ಳುತ್ತಿದ್ದೆ.

ಅಂಥವರ ಮೂತ್ರಕ್ಕೆ ಇರುವೆ ಬಂತು. ಬಚ್ಚಲ ಮೋರಿಯ ಪಕ್ಕ ಸಾಲು ಕಂಡವಳು ನಾನೇ. ಕಾಲಿನ ಹೆಬ್ಬೆರಳ ಗಾಯವೂ ಎರಡು ತಿಂಗಳಿಂದ ಮಾಯದೆ ಕೂತಿತ್ತು. ಡಾಕ್ಟರು ಒಂದು ಗಾಜಿನ ಕೊಳವೆ, ಸ್ಪಿರಿಟ್ ದೀಪ, ಒಂದು ಬಾಟಲಿ ನೀಲಿ ಔಷಧ ಕೊಟ್ಟು, ಅದಕ್ಕೆ ಎಂಟು ತೊಟ್ಟು ಮೂತ್ರ ಹಾಕಿ ಕಾಯಿಸುವುದನ್ನು ಕಲಿಸಿದರು. ನೀಲಿಯಾಗಿಯೇ ಉಳಿದರೆ ಸಕ್ಕರೆಯಿಲ್ಲ. ಹಸಿರಾದರೆ ಸ್ವಲ್ಪ. ಇಟ್ಟಿಗೆ ಬಣ್ಣ ಬಂದರೆ ಅಪಾಯ. ‘ಹೀಗೇ ಇಟ್ಟಿಗೆ ಬಣ್ಣ ಬರ್ತಾ ಇದ್ರೆ ಬೆರಳು ತೆಗೀಬೇಕಾಗುತ್ತೆ ತಾಯಿ’ ಅಂದರು.

ಅವತ್ತಿನಿಂದ ಮನೆಯಲ್ಲಿ ಸಕ್ಕರೆ, ಬೆಲ್ಲ ಬಂದ್. ಡಬ್ಬಕ್ಕೆ ಬೀಗ. ಆದರೂ ಕೊಳವೆಯಲ್ಲಿ ದಿನಾ ಇಟ್ಟಿಗೆ ಬಣ್ಣವೇ. ನಾನೇನು ದಡ್ಡಿಯೇ? ಕಾರ್ಖಾನೆಯ ಗೇಟಿನೆದುರು ಒಂದು ಹೋಟೆಲಿತ್ತು, ಜಹಾಂಗೀರಿಗೆ ಹೆಸರುವಾಸಿ. ಇವರು ಸಂಜೆ ಬಂದ ಕೂಡಲೇ ಅಂಗಿಯ ಜೇಬು ಒಳಹೊರಗು ಮಾಡುತ್ತಿದ್ದೆ, ಬೆರಳು ಮೂಸುತ್ತಿದ್ದೆ. ಬೀಡಿ ವಾಸನೆ ಕೂಡ ಸಿಗುತ್ತಿರಲಿಲ್ಲ. ತಿಂದು ಸೋಪು ಹಾಕಿ ತೊಳೆದುಕೊಂಡು ಬರುತ್ತಾರೆ ಅಂದುಕೊಂಡೆ.

‘ಆಣೆ ಮಾಡಿ ಹೇಳ್ರೀ, ಹೋಟ್ಲಿಗೆ ಹೋಗಿಲ್ವಾ?’

‘ಇಲ್ಲ ಕಣೇ. ನಿನ್ನಾಣೆ.’

ನನ್ನ ಮೇಲೆ ಆಣೆ ಇಟ್ಟದ್ದಕ್ಕೆ ಇನ್ನಷ್ಟು ಅನುಮಾನ ಬಂತು. ಡಾಕ್ಟರ ಹತ್ತಿರ ದೂರು ಒಯ್ದರೆ ಅವರು, ‘ಮನಸ್ಸಿಗೆ ಏನಾದ್ರೂ ಕಾಟ ಇದೆಯಾ ವಿಚಾರಿಸಿ. ವರ್ಷಗಟ್ಟಲೆ ಒಳಗೊಳಗೇ ಬೇಯ್ತಾ ಇದ್ರೆ ಅದಕ್ಕೂ ಸಕ್ಕರೆ ಏರಬಹುದು’ ಅಂದರು. ಡಾಕ್ಟರನ್ನೂ ಬುಟ್ಟಿಗೆ ಹಾಕಿಕೊಂಡಿದ್ದಾರೆ ಅಂತ ತೀರ್ಮಾನಿಸಿ ಮನೆಗೆ ಬಂದೆ. ಗಡಿಯಾರ ನೋಡುವವನಿಗೆ ಎಂಥ ಕಾಟ!

ಆಯುಧಪೂಜೆ ಬಂತು. ಕಾರ್ಖಾನೆಗೆ ನಾಲ್ಕು ದಿನ ರಜೆ. ದೇವರ ಮುಂದೆ ನಾನು ಈಳಿಗೆಮಣೆ, ಕತ್ತರಿ ಇಟ್ಟಿದ್ದೆ. ಇವರು ಹೋಗಿ ಆ ಗಾಜಿನ ಕೊಳವೆಯನ್ನು ತಂದು, ಕುಂಕುಮ ಹಚ್ಚಿ, ಒಂದು ಚೆಂಡುಹೂವಿನ ಜೊತೆ ಪಕ್ಕದಲ್ಲಿಟ್ಟರು. ‘ನಿನ್ನ ಆಯುಧ ಇದೇ ಅಲ್ವೇನೇ’ ಅಂದರು. ನಗುತ್ತಲೇ ಅಂದರು. ನಾನೂ ನಕ್ಕೆ. ಪೂಜೆಗೆ ಕೂತದ್ದನ್ನು ಎತ್ತುವ ಹಾಗಿಲ್ಲವಲ್ಲ, ಎರಡು ದಿನ ಪರೀಕ್ಷೆಯಿಲ್ಲ. ಆ ಎರಡು ದಿನವೂ ಇವರು ಜಗಲಿಯಲ್ಲಿ ಕೂತು, ಕೆಂಪಣ್ಣ ಹಾಲು ಕರೆಯುವುದನ್ನು ನೋಡುತ್ತಾ ಅವನ ಜೊತೆ ಹರಟೆ ಹೊಡೆದರು. ಮಧ್ಯಾಹ್ನ ಗೊರಕೆ ಹೊಡೆದು ಮಲಗಿದರು. ಹಬ್ಬಕ್ಕೆಂದು ಡಬ್ಬದ ಬೀಗ ತೆಗೆದು ಮಾಡಿದ್ದ ಹೋಳಿಗೆಯನ್ನೂ ನನ್ನ ಕಣ್ಣೆದುರಿಗೇ ತಿಂದರು.

ರಜೆಯ ಕೊನೆಯ ದಿನ ಕುಂಕುಮ ತೊಳೆದು ಕೊಳವೆ ಕಾಯಿಸಿದೆ. ಹಸಿರು! ಮತ್ತೆ ಕಾಯಿಸಿದೆ, ಮತ್ತೆ ಹಸಿರು. ಹೋಳಿಗೆ ತಿಂದವರಿಗೆ ಹಸಿರು ಬರುವುದು ಅಂದರೇನು? ಮೂತ್ರಕ್ಕೆ ಬಾವಿಯ ನೀರು ಬೆರೆಸಿಕೊಟ್ಟಿದ್ದಾರೆ, ಇನ್ನೇನು. ನಾಳೆ ಹೋಟೆಲಿನಲ್ಲೇ ಕೈಯಾರೆ ಹಿಡಿಯುತ್ತೇನೆ ಅಂತ ಹಟ ತೊಟ್ಟೆ.

ಮಾರನೆಯ ದಿನ ಕೆಂಪಣ್ಣ ಹಾಲು ಕರೆದು ಹಸು ಹೊಡೆದುಕೊಂಡು ಹೋದ ಮೇಲೆ, ಇವರೂ ಕೆಲಸಕ್ಕೆ ಹೊರಟರು. ಪಕ್ಕದ ಮನೆಯವರಿಗೆ ತರಕಾರಿಯ ನೆಪ ಹೇಳಿ ಹಿಂದೆಯೇ ನಾನೂ ಹೊರಟೆ. ಹೋಟೆಲಿನ ಮರೆಯಲ್ಲಿ ನಿಂತೆ. ಇವರು ಹೋಟೆಲಿನ ಕಡೆ ತಿರುಗಿ ಕೂಡ ನೋಡಲಿಲ್ಲ. ಗೇಟಿನೊಳಗೆ ನಿಂತಿದ್ದರು, ಅವರ ಬೆನ್ನ ಹಿಂದೆ ಗಡಿಯಾರ ಹಿಡಿದ ಕಾರ್ಖಾನೆಯ ಸಾಹೇಬರು. ಸೈರನ್ ಕೂಗಿ ನಿಂತಿತು. ಗೇಟು ಮುಚ್ಚುತ್ತಿದ್ದ ಹಾಗೆಯೇ ಒಬ್ಬ ಏದುಸಿರು ಬಿಡುತ್ತಾ ಓಡಿಬಂದು ಸರಳು ಹಿಡಿದುಕೊಂಡ. ನೋಡಿದರೆ ನಮ್ಮ ಕೆಂಪಣ್ಣ! ಹಾಲಿನ ಕೆಲಸ ಮುಗಿಸಿ ಅವನು ಇಲ್ಲಿ ಕೂಲಿಗೆ ಬರುತ್ತಾನೆಂಬುದೇ ನನಗೆ ಗೊತ್ತಿರಲಿಲ್ಲ.

‘ಸ್ವಾಮೀ, ನಿಮ್ಮನೇಲೇ ಹಾಲು ಕರ್ದು, ಹಸೂನ ಊರಿಗೆ ಬಿಟ್ಟು ಓಡ್‌ಬಂದಿವ್ನಿ. ನಿಮ್ಗೇ ಗೊತ್ತಲ್ಲ ಸ್ವಾಮೀ.’

ಇವರು ಮುಖ ಆ ಕಡೆ ತಿರುಗಿಸಿ ಅಗುಳಿ ಹಾಕಿದರು. ಕತ್ತಿನ ತುಂಬ ಬೆವರು. ದಿನಾ ಅವನ ಹಸುವನ್ನು ನಮ್ಮ ಬಾಗಿಲಿಗೆ ಎಳೆಸಿ, ಆ ಗೇಟು ಹಾಕಿಸಿದವಳು ನಾನು.

ಸಂಜೆ ಇವರು ಬಂದಾಗ ಜೇಬು ಮುಟ್ಟಲಿಲ್ಲ. ‘ಕೆಂಪಣ್ಣನ ವಿಷಯ ನನಗ್ಯಾಕ್ರೀ ಹೇಳ್ಲಿಲ್ಲ?’ ಅಂದೆ.

‘ಹೇಳಿದ್ರೆ ನಂಬ್ತಿದ್ಯಾ? ನಾನೂ ಅವನೂ ಸೇರ್ಕೊಂಡು ಹಾಲಿಗೆ ನೀರು ಹಾಕ್ತೀವಿ ಅಂತಿದ್ದೆ.’ ಅಂಗಿ ಬಿಚ್ಚಿ ಗೂಟಕ್ಕೆ ಸಿಕ್ಕಿಸುತ್ತಾ ಹೇಳಿದರು: ‘ಅವನೊಬ್ಬನೇ ಏನೇ? ನಾಲ್ಕು ವರ್ಷದಿಂದ ದಿನಾ ಯಾರದೋ ಮುಖಕ್ಕೆ ಗೇಟು ಹಾಕ್ತಾ ಇದೀನಿ. ಒಬ್ಬನ್ನ ಬಿಟ್ರೆ ಸಾಹೇಬರು ಎಲ್ಲರ ಮುಂದೆ ಮಾನ ಕಳೀತಾರೆ. ಸೈರನ್ ಕೂಗೋ ಮುಂಚೇನೇ ಎದೆ ಡವಡವ ಅನ್ನುತ್ತೆ ಕಣೇ. ಮನೆಗೆ ಬಂದ್ರೆ ನೀನು ಜೇಬು ತಡಕ್ತೀಯ.’

ನಾನು ಅತ್ತೆ. ನಾಚಿಕೆಯಿಂದ ಅತ್ತೆ. ನಾನು ಹೇಳಿಕಳಿಸಿದ ಮೇಲೆ, ಮಾರನೆಯ ದಿನದಿಂದ ಕೆಂಪಣ್ಣ ತನ್ನ ಮನೆಯಲ್ಲೇ ಹಾಲು ಕರೆದು ತಂದ. ನಾನು ಬೆರಳದ್ದಲಿಲ್ಲ. ನಿಜ ಹೇಳಬೇಕೆಂದರೆ, ಬೆರಳು ಎರಡು ಸಲ ಚೆಂಬಿನ ತನಕ ಹೋಗಿ ವಾಪಸು ಬಂತು. ಇವರು ಕೇಳಿಕೊಂಡು ಕೇಳಿಕೊಂಡು, ಕೆಲವು ತಿಂಗಳ ಮೇಲೆ ಉಗ್ರಾಣದ ಕೆಲಸಕ್ಕೆ ಬದಲಾಯಿಸಿಕೊಂಡರು. ಕಾಯಿಲೆಯೇನೂ ಹೋಗಲಿಲ್ಲ, ಪಥ್ಯವನ್ನೂ ಬಿಡಲಿಲ್ಲ. ಆದರೆ ಕೊಳವೆ ಹಸಿರಿಗೆ ಬಂದು ನಿಂತಿತು. ಕಾಲಿನ ಬೆರಳು ಉಳಿಯಿತು.

ಇವತ್ತು ಸಂಜೆ ಮಗಳು ಸ್ಕೂಲಿಂದ ಬಂದಳು. ಸಕ್ಕರೆಯಿಲ್ಲದ ಕಾಫಿ ಕೊಟ್ಟೆ. ಮೇಜಿನ ಮೇಲೆ ಬಿಸ್ಕತ್ತಿನ ಪೊಟ್ಟಣ ಕಂಡು ಅವಳ ಮುಖ ಗಂಟಾಯಿತು. ‘ಹೌದಮ್ಮಾ, ತಿಂದೆ. ಬೈಯಿ, ಬೈದುಬಿಡು.’

ಪೊಟ್ಟಣವನ್ನು ಪಕ್ಕಕ್ಕೆ ಸರಿಸಿ ಅವಳ ಎದುರು ಕೂತೆ. ‘ಸ್ಕೂಲಲ್ಲಿ ಇವತ್ತು ಯಾರೇ ಏನಂದ್ರು ನಿಂಗೆ?’

ಅವಳು ಲೋಟ ಕೆಳಗಿಟ್ಟಳು. ನನ್ನನ್ನೇ ಅನುಮಾನದಿಂದ ನೋಡಿದಳು, ನನ್ನ ಮಗಳೇ ತಾನೇ.

‘ಇವತ್ತಲ್ಲಮ್ಮಾ,’ ಅಂದಳು. ‘ಎರಡು ವರ್ಷದಿಂದ, ದಿನಾ.’